ಸೆರಗಿನ ಗಂಟೂ ವಿಮಾನದ ಸೀಟೂ

ಆಕಾಶಮಾರ್ಗದಲ್ಲಿ ಹೋಗುವಾಗ ಒಡವೆ ಕೆಳಗೆ ಬಿದ್ದ ಕಥೆಗಳಲ್ಲಿ ನಮ್ಮವರಿಗೆಲ್ಲ ಗೊತ್ತಿರುವುದು ರಾಮಾಯಣದ್ದು. ರಾವಣನು ಸೀತೆಯನ್ನು ಹೊತ್ತು ಲಂಕೆಯ ಕಡೆಗೆ ಹಾರುತ್ತಿದ್ದಾಗ ಕೆಳಗೆ ಬೆಟ್ಟದ ತುದಿಯಲ್ಲಿ ಐವರು ವಾನರರು ಕುಳಿತಿದ್ದುದು ಆಕೆಯ ಕಣ್ಣಿಗೆ ಬಿತ್ತು. ಮೈಮೇಲಿನ ಒಡವೆಗಳನ್ನು ತೆಗೆದು ಉತ್ತರೀಯದಲ್ಲಿ ಗಂಟು ಕಟ್ಟಿ ಅವರ ನಡುವೆ ಎಸೆದಳು ಎಂಬುದು ಜನ ಕೇಳಿಕೊಂಡು ಬಂದ ಕಥೆ. ಆ ಬೆಟ್ಟವೇ ಋಷ್ಯಮೂಕ. ಹಂಪೆಯ ಬಳಿ ತುಂಗಭದ್ರೆಯ ದಡದಲ್ಲಿ ಸುಗ್ರೀವನ ಗುಹೆಯನ್ನೂ, ಬಂಡೆಯ ಮೇಲಿನ ಗೆರೆಗಳನ್ನು ಸೀತೆಯ ಸೆರಗಿನ ಗುರುತೆಂದೂ ಇಂದಿಗೂ ತೋರಿಸುತ್ತಾರೆ.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಒಡವೆಗಳು ಬಿಡಿಬಿಡಿಯಾಗಿ ಬೀಳದೆ ಒಂದೇ ಗಂಟಾಗಿ ಬಿದ್ದುದರಿಂದ ಚದುರಿ ಹೋಗಲಿಲ್ಲ. ಎರಡನೆಯದಾಗಿ, ಅವು ಸಿಕ್ಕವರ ಕೈಯಲ್ಲಿ ಭದ್ರವಾಗಿದ್ದು, ವಾರಸುದಾರರು ಬಂದು ಗುರುತು ಹೇಳಿದಾಗ ಅವರ ಮುಂದೆ ಬಂದವು. ಲಕ್ಷ್ಮಣನಿಗೆ ತೋಳಬಂದಿಯ ಗುರುತಾಗಲಿಲ್ಲ, ಓಲೆಯ ಗುರುತಾಗಲಿಲ್ಲ. ದಿನವೂ ಅತ್ತಿಗೆಯ ಕಾಲಿಗೆ ನಮಸ್ಕರಿಸುತ್ತಿದ್ದ ಕಾರಣ ಕಾಲಂದುಗೆ ಮಾತ್ರ ಗುರುತಾಯಿತು. ಇಂದು ವಿಮಾನದ ಸೀಟಿನಲ್ಲಿ ವಸ್ತು ಬಿಟ್ಟು ಇಳಿದವರಿಗೆ ಬೇಕಾಗುವ ಬುದ್ಧಿಮಾತೆಲ್ಲ ಈ ಎರಡು ಸಂಗತಿಗಳಲ್ಲೇ ಅಡಗಿದೆ ಎಂದರೆ ತಪ್ಪಾಗಲಾರದು. ಕಟ್ಟಿಟ್ಟದ್ದು ಉಳಿಯುತ್ತದೆ. ಗುರುತು ಹೇಳಬಲ್ಲದ್ದು ಮರಳುತ್ತದೆ.

ಬೆಟ್ಟದ ಸೀಮೆಗೆ ಬಂದ ವಿಮಾನ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹಳೆಯ ಕೋಟೆಯ ಬೆಟ್ಟ. ಎದುರಿಗೆ ರಹಮಾನ್‌ಗಢ, ಹತ್ತಿರದಲ್ಲೇ ಕೈವಾರ. ಈ ಸೀಮೆಯ ಜನಕ್ಕೆ ಬಹುಕಾಲ ದೂರದ ಪ್ರಯಾಣವೆಂದರೆ ಬಸ್ಸು ಇಲ್ಲವೇ ರೈಲು. ವಿಮಾನ ಹತ್ತಬೇಕಾದರೆ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕಿತ್ತು, ಹತ್ತುವವರೂ ಬೆರಳೆಣಿಕೆಯಷ್ಟು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕಡಿಮೆ ದರದ ಹಾರಾಟ ಆರಂಭಿಸಿದ ಮೇಲೆ, ಎಂದೂ ವಿಮಾನ ಹತ್ತುವ ಯೋಚನೆ ಮಾಡದಿದ್ದವರೂ ಟಿಕೇಟು ಕೊಳ್ಳತೊಡಗಿದರು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಜಿಲ್ಲೆಯ ಗಡಿಗೆ ಅಂಟಿಕೊಂಡಂತಿರುವ ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ತೆರೆಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು.

ಅಂಬಾಜಿದುರ್ಗದ ಸುತ್ತಿನ ಊರುಗಳಿಂದ ಶಿಡ್ಲಘಟ್ಟ, ವಿಜಯಪುರಗಳನ್ನು ದಾಟಿ ಹೊರಟರೆ ಈಗ ಎರಡು ಗಂಟೆಯೊಳಗೆ ನಿಲ್ದಾಣ ಸೇರಬಹುದು. ಹೀಗಾಗಿ ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ತಾಯಿ, ಕೊಲ್ಲಿ ದೇಶದ ಕೆಲಸಕ್ಕೆ ಹೊರಟ ಯುವಕ, ವ್ಯಾಪಾರದ ಮೇಲೆ ಸೂರತ್ತಿಗೋ ವಾರಾಣಸಿಗೋ ಹೊರಟ ರೇಷ್ಮೆ ವರ್ತಕ, ಎಲ್ಲರೂ ವಿಮಾನದ ಸೀಟಿನಲ್ಲಿ ಕೂರುವವರೇ. ಅವರಲ್ಲಿ ಅನೇಕರಿಗೆ ಅದು ಮೊದಲ ಹಾರಾಟ. ಹತ್ತುವುದು ಹೇಗೆ, ಬೆಲ್ಟು ಕಟ್ಟಿಕೊಳ್ಳುವುದು ಹೇಗೆ ಎಂದು ಮನೆಯವರು ಹೇಳಿ ಕಳಿಸುತ್ತಾರೆ. ಇಳಿಯುವಾಗ ಸೀಟಿನಲ್ಲಿ ಏನೂ ಬಿಡದಿರುವುದು ಹೇಗೆ ಎಂದು ಹೇಳುವವರು ಕಡಿಮೆ.

ಬಿಟ್ಟು ಬರುವ ವಸ್ತು ಪುಸ್ತಕವೋ ಹೊದಿಕೆಯೋ ಆದರೆ ಚಿಂತೆಯಿಲ್ಲ. ಆದರೆ ವಯಸ್ಸಾದ ತಾಯಿಯ ಕನ್ನಡಕ, ಕಿವಿಯ ಯಂತ್ರ, ಸಕ್ಕರೆ ಕಾಯಿಲೆಯ ಮಾತ್ರೆ ಹೋದರೆ ಪರದೇಶದಲ್ಲಿ ಮೊದಲ ವಾರವೇ ಕಷ್ಟಕ್ಕೆ ಸಿಕ್ಕಂತೆ. ಪಾಸ್‌ಪೋರ್ಟ್ ಸೀಟಿನ ಚೀಲದಲ್ಲಿ ಉಳಿದರಂತೂ ವಲಸೆ ಅಧಿಕಾರಿಯ ಮುಂದೆ ನಿಂತವರ ಪಾಡು ಶಕುಂತಲೆಯ ಪಾಡಾಗುತ್ತದೆ. ದಾರಿಯಲ್ಲಿ ಶಚೀತೀರ್ಥಕ್ಕೆ ಕೈಮುಗಿಯುವಾಗ ಬೆರಳಿನಿಂದ ಉಂಗುರ ಜಾರಿತು. ದುಷ್ಯಂತನ ಸಭೆಯಲ್ಲಿ ಗುರುತು ತೋರಿಸಲು ಹೋದಾಗ ಬೆರಳು ಬರಿದು. ತಾನು ಯಾರೆಂದು ಸಾಧಿಸುವ ವಸ್ತುವೇ ದಾರಿಯಲ್ಲಿ ಕಳೆದುಹೋದರೆ ಮನುಷ್ಯ ತನ್ನವರೆದುರೇ ಅಪರಿಚಿತನಾಗುತ್ತಾನೆ ಎಂಬ ಆ ನಾಟಕದ ಸತ್ಯ ಪಾಸ್‌ಪೋರ್ಟಿನ ಕಾಲಕ್ಕೂ ಸಲ್ಲುತ್ತದೆ.

ಗಂಟು ಎಂಬ ಮಾತಿನ ಗಂಟು

ಹಿಂದಿನವರು ದಾರಿಯಲ್ಲಿ ವಸ್ತು ಕಳೆದುಕೊಳ್ಳುತ್ತಿರಲಿಲ್ಲವೆಂದಲ್ಲ. ಆದರೆ ಕಳೆದುಕೊಳ್ಳದಿರಲು ಅವರಿಗೆ ಒಂದು ಕ್ರಮವಿತ್ತು. ಆ ಕ್ರಮ ಕನ್ನಡದ ಮಾತಿನಲ್ಲೇ ಉಳಿದಿದೆ. ಗಂಟು ಎಂದರೆ ಕಟ್ಟಿದ ಕಟ್ಟು, ಗಂಟು ಎಂದರೆ ಹಣವೂ ಹೌದು. ಒಟ್ಟಾಗಿ ಬರುವ ಮೊತ್ತ ಇಡುಗಂಟು. ಪ್ರಯಾಣದ ಸಾಮಾನು ಗಂಟುಮೂಟೆ. ಜೇಬು ಕತ್ತರಿಸುವವನಿಗಿಂತ ಹಳಬ ಗಂಟುಕಳ್ಳ. ‘ನಮ್ಮಪ್ಪನ ಗಂಟೇನು ಹೋಗುತ್ತದೆ’ ಎಂಬ ಮಾತಿನಲ್ಲಿ ಗಂಟೆಂದರೆ ಆಸ್ತಿಯೇ. ಕಟ್ಟಿಟ್ಟದ್ದು ಮಾತ್ರ ತನ್ನದು ಎಂಬ ತಿಳುವಳಿಕೆ ಈ ಒಂದು ಮಾತಿನಲ್ಲಿದೆ.

ಹೆಂಗಸರು ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಕನ್ನಡ ತೆಲುಗು ಎರಡೂ ಮನೆಮಾತಾಗಿರುವ ಚಿಂತಾಮಣಿಯ ಕಡೆ ಇದೇ ‘ಕೊಂಗು ಮುಡಿ’. ನೆನಪಿಡಬೇಕಾದ ಸಂಗತಿಯಿದ್ದರೂ ಸೆರಗಿಗೊಂದು ಗಂಟು ಬೀಳುತ್ತಿತ್ತು. ಆ ಗಂಟು ಹಣದ ಪೆಟ್ಟಿಗೆಯೂ ಆಯಿತು, ನೆನಪಿನ ಚೀಟಿಯೂ ಆಯಿತು. ಗಂಡಸರು ಹಣವನ್ನು ಹಮ್ಮಿಣಿಯಲ್ಲಿ ತುಂಬಿ ನಡುವಿಗೆ ಕಟ್ಟುತ್ತಿದ್ದರು. ಸನ್ಮಾನ ಸಮಾರಂಭಗಳಲ್ಲಿ ‘ಹಮ್ಮಿಣಿ ಅರ್ಪಣೆ’ ಎಂಬ ಮಾತು ಅದರ ನೆನಪನ್ನು ಉಳಿಸಿಕೊಂಡಿದೆ. ಎಲೆಅಡಿಕೆಗೆ ಬಾಯಿ ಬಿಗಿಯುವ ದಾರವುಳ್ಳ ಸಂಚಿ ಇತ್ತು.

ಚೀಲ ಕಾಯುವುದು ಎಷ್ಟು ಗಂಭೀರವಾದ ಕೆಲಸವಾಗಿತ್ತೆಂದರೆ ಅದಕ್ಕೆಂದೇ ಜನರಿದ್ದರು. ಹನ್ನೆರಡನೆಯ ಶತಮಾನದ ವಚನಕಾರ, ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನ ಹೆಸರಿನಲ್ಲಿರುವ ಹಡಪವೆಂದರೆ ಎಲೆಅಡಿಕೆಯ ಚೀಲ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಸಂಚಿ ಹೊನ್ನಮ್ಮನೆಂದೇ ಪ್ರಸಿದ್ಧಳಾದಳು. ಕನ್ನಡ ಸಾಹಿತ್ಯದ ಎರಡು ಹೆಸರುಗಳಿಗೆ ಕೈಚೀಲದ ನಂಟಿರುವುದು ಸ್ವಾರಸ್ಯಕರ. ಒಡೆಯರು ಎಲ್ಲಿ ಕುಳಿತರೂ ಎದ್ದರೂ ಸಂಚಿಯ ಮೇಲೆ ಒಬ್ಬರ ಕಣ್ಣು ಇದ್ದೇ ಇರಬೇಕು ಎಂಬುದು ಈ ಊಳಿಗದ ತಾತ್ಪರ್ಯ.

ಅಂಬಾಜಿದುರ್ಗದ ನೆರೆಯ ಕೈವಾರದ ತಾತಯ್ಯ ನಾರಾಯಣಪ್ಪನವರು ಬಳೆ ಮಾರುವ ಕುಲಕಸುಬಿನವರು. ಬಳೆಗಾರರು ಊರೂರಿಗೆ ಒಯ್ಯುತ್ತಿದ್ದುದು ಬಳೆಗಳನ್ನು ದಾರದಲ್ಲಿ ಪೋಣಿಸಿ ಕಟ್ಟಿದ ಮಲಾರವನ್ನು. ಗಾಜಿನಂಥ ನಾಜೂಕಾದ ಸರಕೂ ಒಟ್ಟಿಗೆ ಕಟ್ಟಿದ್ದರೆ ಬೆಟ್ಟಗುಡ್ಡದ ಹಾದಿಯಲ್ಲಿ ಒಂದೂ ಕಳೆಯದೆ ಊರು ಮುಟ್ಟುತ್ತಿತ್ತು.

ಜೇಬು, ಕಿಸೆ ಎಂಬ ಮಾತುಗಳು ಅರಬ್ಬೀ ಮೂಲದವು, ಪಾರಸಿಯ ಬಳಕೆಯ ಮೂಲಕ ನಮಗೆ ಬಂದವು. ಹೊಲಿದ ಅಂಗಿ, ಷರಾಯಿಗಳು ಬಳಕೆಗೆ ಬಂದಂತೆಲ್ಲ ಗಂಟಿನ ಜಾಗವನ್ನು ಜೇಬು ಆಕ್ರಮಿಸಿತು. ಜೇಬಿಗೆ ಕಟ್ಟಿಲ್ಲ, ಬಾಯಿ ಸದಾ ತೆರೆದಿರುತ್ತದೆ. ನಿಂತವನಿಗೆ, ನಡೆಯುವವನಿಗೆ ಅದು ಅನುಕೂಲವೇ. ಕುಳಿತು ಹಿಂದಕ್ಕೆ ಒರಗಿದವನ ಪಾಲಿಗೆ ಅದೇ ಜೇಬು ಇಳಿಜಾರು.

ಸೀಟಿನೊಳಗಿನ ಸಂದುಗೊಂದು

ವಿಮಾನದ ಸಾಮಾನ್ಯ ದರ್ಜೆಯ ಸೀಟು ಸುಮಾರು 17ರಿಂದ 18 ಅಂಗುಲ ಅಗಲ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸಾಮಾನ್ಯವಾಗಿ 28ರಿಂದ 31 ಅಂಗುಲ. ಇಷ್ಟು ಇಕ್ಕಟ್ಟಿನಲ್ಲಿ ಕುಳಿತವರು ಜೇಬಿನಿಂದ ಏನಾದರೂ ತೆಗೆಯಬೇಕಾದರೆ ಸೊಂಟ ಎತ್ತಿ ಒಂದು ಮಗ್ಗುಲಿಗೆ ವಾಲಬೇಕು. ತೆಗೆದದ್ದನ್ನು ಮತ್ತೆ ಜೇಬಿಗೆ ಸೇರಿಸುವುದು ಇನ್ನೂ ಕಷ್ಟ. ಆದ್ದರಿಂದ ತೊಡೆಯ ಮೇಲೋ, ತೊಡೆಗೂ ತೋಳಾಸರೆಗೂ ನಡುವಿನ ಸಂದಿನಲ್ಲೋ, ಮುಂದಿನ ಸೀಟಿನ ಹಿಂಬದಿಯ ಚೀಲದಲ್ಲೋ ಇಡುತ್ತಾರೆ. ವಸ್ತು ಕಳೆಯುವುದು ಈ ಮೂರು ಜಾಗಗಳಲ್ಲಿ.

ಸೀಟಿನ ಮೆತ್ತೆ ಚೌಕಟ್ಟಿಗೆ ಅಂಟುಪಟ್ಟಿಯಿಂದ ಕೂಡಿರುತ್ತದೆ. ಮೆತ್ತೆಗೂ ಬೆನ್ನಿನ ಭಾಗಕ್ಕೂ ನಡುವೆ, ಮೆತ್ತೆಗೂ ತೋಳಾಸರೆಗೂ ನಡುವೆ ಬಿರುಕು ಉಳಿಯುತ್ತದೆ. ಕುಳಿತವರು ಮಿಸುಕಿದಾಗ ಅದು ಅಗಲವಾಗುತ್ತದೆ, ಎದ್ದಾಗ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಒಳಗೆ ಜಾರಿದ್ದು ಹೊರಗೆ ಕಾಣದು. ಮೊಬೈಲ್ ಫೋನು ಚಪ್ಪಟೆಯಾಗಿ, ನುಣುಪಾಗಿ ಇರುವುದರಿಂದ ಇಂಥ ಬಿರುಕಿಗೆ ಹೇಳಿ ಮಾಡಿಸಿದ ವಸ್ತು.

ನೆಲಕ್ಕೆ ಬಿದ್ದದ್ದರ ದಾರಿಯೇ ಬೇರೆ. ಮೇಲೇರುವಾಗ ವಿಮಾನದ ಮೂತಿ ಸುಮಾರು 15 ಡಿಗ್ರಿಯಷ್ಟು ಎತ್ತಿರುತ್ತದೆ, ವೇಗವೂ ಹೆಚ್ಚುತ್ತಿರುತ್ತದೆ. ಆಗ ಉರುಳಬಲ್ಲ ವಸ್ತು ಹಿಂದಿನ ಸಾಲುಗಳ ಕಡೆ ಓಡುತ್ತದೆ. ನೆಲ ಮುಟ್ಟಿ ಬ್ರೇಕು ಹಾಕಿದಾಗ ಮುಂದಕ್ಕೆ ಜಾರುತ್ತದೆ. ಆದ್ದರಿಂದ ತನ್ನ ಕಾಲ ಕೆಳಗೆ ಬಿದ್ದ ಉಂಗುರವನ್ನು ಅಲ್ಲೇ ಹುಡುಕಿ ಇಲ್ಲವೆಂದು ಕೈಬಿಡುವುದು ಸರಿಯಲ್ಲ. ಹಿಂದೆ ಮುಂದೆ ಕೆಲವು ಸಾಲುಗಳವರನ್ನೂ ಕೇಳಬೇಕು.

ಇದಕ್ಕೆಲ್ಲ ಮೊದಲ ಅಧ್ಯಾಯ ನಿಲ್ದಾಣದ ಭದ್ರತಾ ತಪಾಸಣೆಯಲ್ಲೇ ಆರಂಭವಾಗುತ್ತದೆ. ಅಲ್ಲಿ ಕೈಗಡಿಯಾರ, ಬೆಲ್ಟು, ಪರ್ಸು, ಫೋನು ಎಲ್ಲವನ್ನೂ ತಟ್ಟೆಗೆ ಹಾಕಬೇಕು. ಹಿಂದಿನವರು ಕಾಯುತ್ತಿದ್ದಾರೆಂಬ ಗಡಿಬಿಡಿಯಲ್ಲಿ ಅವನ್ನು ಸಿಕ್ಕ ಸಿಕ್ಕ ಜೇಬಿಗೆ ತುರುಕಿಕೊಳ್ಳುತ್ತಾರೆ. ದಿನವೂ ಎಡಗಡೆ ಇರುವ ಪರ್ಸು ಬಲಗಡೆ ಸೇರಿರುತ್ತದೆ. ಇಲ್ಲಿ ಕ್ರಮ ತಪ್ಪಿದ್ದು ಸೀಟಿನಲ್ಲಿ ಕೈತಪ್ಪುತ್ತದೆ.

ಊರು ಬಂದಾಗ ಬರುವ ಮರೆವು

ಜಾಣರೂ ಮರೆಯುವುದೇಕೆ ಎಂಬ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಉತ್ತರವಿದೆ. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯನ್ನು ನೋಡಿದವರಿಗೆ ಅದು ಹೊಸದಲ್ಲ. ಪಹಣಿಯ ನಕಲು ಕೈಗೆ ಬಂದ ಕೂಡಲೇ ಜನ ಹೊರಡುತ್ತಾರೆ, ಮೂಲಪ್ರತಿ ಯಂತ್ರದ ಮುಚ್ಚಳದ ಕೆಳಗೇ ಉಳಿಯುತ್ತದೆ. ಬಂದ ಕೆಲಸ ಮುಗಿಯಿತೆಂದು ಮನಸ್ಸು ತೀರ್ಮಾನಿಸಿದ ಮೇಲೆ, ಆನಂತರ ಮಾಡಬೇಕಾದ ಸಣ್ಣ ಕೆಲಸಗಳು ಗಮನದಿಂದ ಜಾರುತ್ತವೆ. ಮೈಕೆಲ್ ಬೈರ್ನ್ ಮತ್ತು ಸೂಸನ್ ಬೋವೈರ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಬಂಧ ಈ ಬಗೆಯ ತಪ್ಪನ್ನೇ ಕುರಿತದ್ದು. ನೆನಪಿನಲ್ಲಿ ಏಕಕಾಲಕ್ಕೆ ಹೆಚ್ಚು ಸಂಗತಿಗಳನ್ನು ಹೊತ್ತಿರಬೇಕಾದಾಗ ಇಂಥ ತಪ್ಪು ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ಹಣ ಕೊಡುವ ಯಂತ್ರಗಳಲ್ಲಿ ಮೊದಲು ಹಣ, ಆಮೇಲೆ ಕಾರ್ಡು ಎಂಬ ಕ್ರಮವಿದ್ದಾಗ ಕಾರ್ಡನ್ನು ಬಿಟ್ಟುಹೋಗುವವರು ಹೆಚ್ಚಿದ್ದರು. ಕಾರ್ಡು ತೆಗೆದುಕೊಂಡ ಮೇಲೆಯೇ ಹಣ ಎಂದು ಹಲವೆಡೆ ಕ್ರಮ ಬದಲಿಸಿದ್ದು ಈ ಕಾರಣದಿಂದ.

ವಿಮಾನದಲ್ಲಿಯೂ ಅಷ್ಟೆ. ಚಕ್ರ ನೆಲ ಮುಟ್ಟಿದಾಗ ಪ್ರಯಾಣ ಮುಗಿಯಿತೆಂದು ಮನಸ್ಸು ಹೇಳಿಬಿಡುತ್ತದೆ. ಗಂಟೆಯ ಸದ್ದಾಗಿ ಬೆಲ್ಟಿನ ದೀಪ ಆರಿದ ಕ್ಷಣ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಕಣ್ಣೆಲ್ಲ ತಲೆಯ ಮೇಲಿನ ಪೆಟ್ಟಿಗೆಯ ಕಡೆ. ಫೋನು ಚಾಲೂ ಮಾಡಿದ ಕೂಡಲೇ ಮನೆಯವರ ಕರೆ. ಈ ಗದ್ದಲದಲ್ಲಿ ಸೀಟಿನ ಕಡೆ ಹಿಂದಿರುಗಿ ನೋಡುವ ವ್ಯವಧಾನ ಯಾರಿಗೂ ಉಳಿಯುವುದಿಲ್ಲ. ಹಿಂದೆ ವಲಸೆ ಚೀಟಿಗಳನ್ನು ವಿಮಾನದಲ್ಲೇ ತುಂಬುವ ಪದ್ಧತಿಯಿದ್ದಾಗ ಪಾಸ್‌ಪೋರ್ಟ್, ಪೆನ್ನು, ಕನ್ನಡಕ ಮೂರೂ ಒಟ್ಟಿಗೆ ಹೊರಬರುತ್ತಿದ್ದವು. ಸ್ವದೇಶಕ್ಕೆ ಮರಳುವ ಭಾರತೀಯರು ತುಂಬಬೇಕಿದ್ದ ಚೀಟಿ 2014ರಲ್ಲಿ, ಹೊರಡುವವರ ಚೀಟಿ 2017ರ ಜುಲೈಯಲ್ಲಿ ರದ್ದಾದವು. ಅಷ್ಟರಮಟ್ಟಿಗೆ ಪಾಸ್‌ಪೋರ್ಟ್ ಸೀಟಿನ ಚೀಲಕ್ಕೆ ಇಳಿಯುವ ಸಂದರ್ಭ ಕಡಿಮೆಯಾಗಿದೆ.

ಹಳೆಯ ಕ್ರಮ, ಹೊಸ ಸೀಟು

ಮೇಲಿನ ಕಾರಣಗಳನ್ನು ಬಲ್ಲವರಿಗೆ ಪರಿಹಾರ ತಾನಾಗಿ ಹೊಳೆಯುತ್ತದೆ. ಮೊದಲನೆಯದು, ಎಲ್ಲವೂ ಒಂದೇ ಗಂಟಿನಲ್ಲಿರಬೇಕು. ಜಿಪ್ಪು ಇರುವ ಚಿಕ್ಕ ಚೀಲವೊಂದನ್ನು ಕುತ್ತಿಗೆಗೋ ಅಡ್ಡ ಹೆಗಲಿಗೋ ಹಾಕಿಕೊಂಡು, ಪಾಸ್‌ಪೋರ್ಟ್, ಹಣ, ಮಾತ್ರೆ, ಕನ್ನಡಕದ ಡಬ್ಬಿ ಅದರಲ್ಲೇ ಇಡುವುದು ಇಂದಿನ ಸಂಚಿ. ಅದು ಮೈಮೇಲಿದ್ದರೆ ಮೇಲು. ವಿಮಾನ ಏರುವಾಗ, ಇಳಿಯುವಾಗ ಸಿಬ್ಬಂದಿ ತೆಗೆದಿಡಲು ಹೇಳಿದರೆ ಮುಂದಿನ ಸೀಟಿನ ಕೆಳಗೆ, ಕಾಲಿಗೆ ತಾಗುವಂತೆ ಇಡಬಹುದು.

ಎರಡನೆಯದು, ಮುಂದಿನ ಸೀಟಿನ ಚೀಲ ತನ್ನದೆಂಬ ಭಾವನೆ ಬಿಡಬೇಕು. ಸುರಕ್ಷತೆಯ ಸೂಚನಾ ಫಲಕ, ವಾಂತಿಯ ಲಕೋಟೆ ಇರುವ ಜಾಗ ಅದು. ನೀರಿನ ಬಾಟಲಿ ಇಟ್ಟರೆ ಅಡ್ಡಿಯಿಲ್ಲ. ಕಳೆದರೆ ಅಳುವಂಥ ಯಾವ ವಸ್ತುವೂ ಅದರೊಳಗೆ ಹೋಗಬಾರದು.

ಮೂರನೆಯದು, ನಿದ್ದೆ ಬರುವ ಮೊದಲು ಕೈಯಲ್ಲಿರುವುದನ್ನು ಒಳಗಿಡಬೇಕು. ನಿದ್ದೆಯಲ್ಲಿ ಸ್ನಾಯು ಸಡಿಲಾಗಿ ಮುಷ್ಟಿ ಬಿಚ್ಚುತ್ತದೆ. ಕಿವಿಯ ಯಂತ್ರವನ್ನಾಗಲಿ, ಹಲ್ಲಿನ ಸೆಟ್ಟನ್ನಾಗಲಿ ಕಾಗದದ ಕರವಸ್ತ್ರದಲ್ಲಿ ಸುತ್ತಿ ಊಟದ ತಟ್ಟೆಯ ಪಕ್ಕ ಇಟ್ಟರೆ ಅದು ಕಸದ ಜೊತೆ ಹೋಗುವುದೇ ಹೆಚ್ಚು. ಇಂಥವಕ್ಕೆ ಗಟ್ಟಿ ಡಬ್ಬಿ ಬೇಕು. ದೂರದ ಹಾರಾಟದಲ್ಲಿ ಬೆರಳು ಬಾತು ಉಂಗುರ ಬಿಗಿಯಾದರೆ ಅನೇಕರು ಅದನ್ನು ತೆಗೆದಿಡುತ್ತಾರೆ. ಮನೆಯಲ್ಲೇ ಬಿಟ್ಟು ಬರುವುದು ಇನ್ನೂ ಕ್ಷೇಮ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಎಣಿಕೆ ನಡೆಯಬೇಕಾದದ್ದು ವಿಮಾನ ನಿಂತ ಮೇಲಲ್ಲ, ಇಳಿಯುವ ಮುನ್ನ ಬೆಲ್ಟಿನ ದೀಪ ಹೊತ್ತಿಕೊಂಡಾಗ. ಆಗ ಎಲ್ಲರೂ ಕುಳಿತಿರುತ್ತಾರೆ, ನೂಕುನುಗ್ಗಲು ಇರುವುದಿಲ್ಲ, ಕೆಲಸ ಮುಗಿಯಿತೆಂಬ ಭ್ರಮೆ ಮನಸ್ಸಿಗೆ ಇನ್ನೂ ಬಂದಿರುವುದಿಲ್ಲ. ಜಾತ್ರೆಗೋ ಯಾತ್ರೆಗೋ ಹೊರಟ ಕುಟುಂಬದ ಹಿರಿಯರು ಪ್ರತಿ ನಿಲ್ದಾಣದಲ್ಲೂ ಗಂಟು ಎಣಿಸುತ್ತಿದ್ದಂತೆ, ಐದು ಬೆರಳಿಗೆ ಐದು ವಸ್ತು ಎಣಿಸಿದರೆ ಸಾಕು: ಪಾಸ್‌ಪೋರ್ಟ್, ಫೋನು, ಪರ್ಸು, ಕನ್ನಡಕ, ಔಷಧಿ. ಎದ್ದ ಮೇಲೆ ಒಂದು ಸಲ ಹಿಂದಿರುಗಿ, ಸೀಟು, ಅದರ ಸಂದು, ಮುಂದಿನ ಚೀಲ, ಕಾಲ ಕೆಳಗಿನ ನೆಲ ಇಷ್ಟನ್ನು ನೋಡಿ ಹೊರಟರೆ ಹಿಂದಿನವರಿಗೆ ಹೆಚ್ಚು ತಡವೇನೂ ಆಗುವುದಿಲ್ಲ.

ಫೋನು ಬಿದ್ದರೆ ಸೀಟು ಅಲುಗಾಡಿಸಬಾರದು

ಹಾರಾಟದ ನಡುವೆ ಫೋನು ಸೀಟಿನೊಳಗೆ ಜಾರಿದರೆ ಮಾತ್ರ ಬೇರೆಯೇ ಎಚ್ಚರ ಬೇಕು. ಅದನ್ನು ತೆಗೆಯಲು ಸೀಟನ್ನು ಹಿಂದಕ್ಕೆ ಮುಂದಕ್ಕೆ ಸರಿಸುವುದು ಸಹಜ ಪ್ರವೃತ್ತಿ. ಅಪಾಯವಿರುವುದೇ ಅಲ್ಲಿ. ಫೋನಿನ ಲಿಥಿಯಂ ಬ್ಯಾಟರಿಯಲ್ಲಿ ಧನ ಮತ್ತು ಋಣ ಪದರಗಳನ್ನು ಬೇರ್ಪಡಿಸಿರುವುದು ಬಲು ತೆಳುವಾದ ಹಾಳೆ. ಸೀಟಿನ ಲೋಹದ ಭಾಗಗಳ ನಡುವೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಆ ಹಾಳೆ ಹರಿದು ಪದರಗಳು ಕೂಡಿಕೊಳ್ಳುತ್ತವೆ. ಶಾಖ ಹುಟ್ಟಿ, ಅದು ಇನ್ನಷ್ಟು ಶಾಖವನ್ನು ಹುಟ್ಟಿಸಿ, ಹೊಗೆ, ಬೆಂಕಿ ಕಾಣಿಸಿಕೊಳ್ಳುತ್ತದೆ. 2016ರಲ್ಲಿ ಆಸ್ಟ್ರೇಲಿಯಾದಿಂದ ಅಮೆರಿಕಕ್ಕೆ ಹಾರುತ್ತಿದ್ದ ಎ380 ವಿಮಾನವೊಂದರಲ್ಲಿ ಹೀಗೇ ಸೀಟಿನಲ್ಲಿ ಸಿಕ್ಕಿ ಜಜ್ಜಿದ ಸಾಧನದಿಂದ ಹೊಗೆ ಎದ್ದಿತು. ಸಿಬ್ಬಂದಿ ಸಕಾಲದಲ್ಲಿ ಧಾವಿಸಿದ್ದರಿಂದ ಅನಾಹುತ ತಪ್ಪಿತು. ಆ ದೇಶದ ಸಾರಿಗೆ ಸುರಕ್ಷತಾ ಸಂಸ್ಥೆ ಘಟನೆಯ ವರದಿ ಪ್ರಕಟಿಸಿದೆ.

ವಿದ್ಯುತ್ತಿನಿಂದ ಚಲಿಸುವ ದೊಡ್ಡ ಸೀಟುಗಳಲ್ಲಿ ಅಪಾಯ ಹೆಚ್ಚು, ಸಾಮಾನ್ಯ ಸೀಟುಗಳಲ್ಲಿ ಇಲ್ಲವೆನ್ನುವಂತಿಲ್ಲ. ಆದ್ದರಿಂದ ಸೀಟನ್ನು ಹೇಗಿತ್ತೋ ಹಾಗೆಯೇ ಬಿಟ್ಟು ಗಗನಸಖಿಯನ್ನು ಕರೆಯಬೇಕು. ಕೈ ತೂರಿಸುವುದಾಗಲಿ, ಮೆತ್ತೆ ಕೀಳುವುದಾಗಲಿ ಪ್ರಯಾಣಿಕರ ಕೆಲಸವಲ್ಲ. ಭಾಷೆ ಬಾರದೆಂಬ ಸಂಕೋಚದಿಂದ ವಯಸ್ಸಾದವರು ಸುಮ್ಮನಿದ್ದುಬಿಡುತ್ತಾರೆ. ತಲೆಯ ಮೇಲಿನ ಕರೆಗುಂಡಿ ಒತ್ತಿ ಸೀಟಿನ ಕಡೆ ಬೆರಳು ತೋರಿಸಿ ‘ಫೋನ್’ ಎಂದರೆ ಯಾವ ದೇಶದ ಸಿಬ್ಬಂದಿಗೂ ಅರ್ಥವಾಗುತ್ತದೆ.

ಕಳೆದ ಮೇಲೆ ಹುಡುಕುವ ಬಗೆ

ಇಷ್ಟಾಗಿಯೂ ಬಿಟ್ಟು ಇಳಿದದ್ದಾದರೆ ಮೊದಲ ಅರ್ಧ ಗಂಟೆಯ ಬೆಲೆ ದೊಡ್ಡದು. ದೇಶದೊಳಗಿನ ಮಾರ್ಗಗಳಲ್ಲಿ ಒಂದು ವಿಮಾನ ದಿನಕ್ಕೆ ಐದಾರು ಸಲ ಹಾರುತ್ತದೆ. ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಬಲು ಕಡಿಮೆ. ಆ ಬಿಡುವಿನಲ್ಲೇ ಶುಚಿ ಮಾಡುವವರು ಬಂದು ಹೋಗುತ್ತಾರೆ. ನೆನಪಾದ ಕೂಡಲೇ, ಹೊರಬಾಗಿಲು ದಾಟುವ ಮೊದಲೇ, ವಿಮಾನ ಕಂಪನಿಯ ನೌಕರರಿಗೆ ತಿಳಿಸಬೇಕು. ವಿಮಾನದೊಳಗೆ ಬಿಟ್ಟದ್ದಕ್ಕೆ ವಿಮಾನ ಕಂಪನಿಯನ್ನೂ, ನಿಲ್ದಾಣದ ಕಟ್ಟಡದಲ್ಲಿ ಬಿಟ್ಟದ್ದಕ್ಕೆ ನಿಲ್ದಾಣದ ಕಳೆದ ವಸ್ತುಗಳ ವಿಭಾಗವನ್ನೂ ಕೇಳುವುದು ಸರಿಯಾದ ದಾರಿ.

ಬೋರ್ಡಿಂಗ್ ಚೀಟಿಯನ್ನು ಮನೆ ಸೇರುವ ತನಕ ಬಿಸಾಡಬಾರದು. ದಿನಾಂಕ, ಹಾರಾಟದ ಸಂಖ್ಯೆ, ಸೀಟಿನ ಸಂಖ್ಯೆ ಮೂರೂ ಅದರಲ್ಲಿರುತ್ತವೆ. ವಿಮಾನ ಮುಂದಿನ ಊರಿಗೆ ಬೇರೆ ಸಂಖ್ಯೆಯಲ್ಲಿ ಹಾರಬಹುದು, ಅದರ ನೋಂದಣಿ ಗುರುತು ಮಾತ್ರ ಬದಲಾಗುವುದಿಲ್ಲ. ಭಾರತದ ವಿಮಾನಗಳಿಗೆ ‘ವಿಟಿ’ಯಿಂದ ಆರಂಭವಾಗುವ ಈ ಗುರುತನ್ನು ಮೈಮೇಲೆ ಬರೆದಿರುತ್ತಾರೆ. ಇನ್ನು ಲಕ್ಷ್ಮಣನಿಗೆ ಕಾಲಂದುಗೆ ಗುರುತಾದಂತೆ, ವಸ್ತುವಿನ ಬಗ್ಗೆ ಬೇರೆಯವರು ಹೇಳಲಾರದ ಒಂದು ಗುರುತನ್ನಾದರೂ ಹೇಳಬೇಕಾಗುತ್ತದೆ. ಕಪ್ಪು ಫೋನು ಎಂದರೆ ಸಾಲದು, ಹಿಂಬದಿಯ ಗೀರು, ಪರದೆಯ ಮೇಲಿನ ಚಿತ್ರ ಹೇಳಿದರೆ ನಂಬಿಕೆ ಹುಟ್ಟುತ್ತದೆ. ಪಾಸ್‌ಪೋರ್ಟ್ ಹೋದರೆ ಪೊಲೀಸರಿಗೆ ದೂರು ಕೊಡಬೇಕು. ಪರದೇಶದಲ್ಲಾದರೆ ಭಾರತದ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಅದರ ನಕಲೊಂದು ಬೇರೆ ಚೀಲದಲ್ಲಿದ್ದರೆ ಕೆಲಸ ಸಲೀಸು.

ಪರಿಹಾರ ಸಿಗುವ ಆಸೆ ಮಾತ್ರ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಕಂಪನಿಗೆ ಒಪ್ಪಿಸಿದ ಲಗೇಜು ಕಳೆದರೆ ಕಂಪನಿ ಹೊಣೆ. ಪ್ರಯಾಣಿಕರು ಜೊತೆಯಲ್ಲೇ ಇಟ್ಟುಕೊಂಡ ವಸ್ತುವಿನ ವಿಷಯದಲ್ಲಿ ಕಂಪನಿಯ ತಪ್ಪಿದ್ದರೆ ಮಾತ್ರ ಹೊಣೆ. ಸಂದಿಗೆ ಜಾರಿದ ಪರ್ಸಿಗೆ ಕಂಪನಿಯ ತಪ್ಪನ್ನು ತೋರಿಸುವುದು ಸುಲಭವಲ್ಲ. 2021ರಲ್ಲಿ ಬಂದ ಆಪಲ್ ಕಂಪನಿಯ ಏರ್‌ಟ್ಯಾಗ್‌ನಂಥ ಬಿಲ್ಲೆಗಳು ವಸ್ತು ಎಲ್ಲಿದೆಯೆಂದು ಫೋನಿನಲ್ಲಿ ತೋರಿಸುತ್ತವೆ. ಆದರೆ ಅದು ದೆಹಲಿಗೆ ಹಾರಿಹೋಗಿದೆಯೆಂದು ತಿಳಿಯುವುದೇ ಬೇರೆ, ಅದನ್ನು ಮರಳಿ ತರುವುದೇ ಬೇರೆ.

ಯಾರೂ ಕೇಳಿ ಬಾರದ ವಸ್ತುಗಳ ಗತಿ ಏನು? ಅಮೆರಿಕದ ಅಲಬಾಮಾ ರಾಜ್ಯದ ಸ್ಕಾಟ್ಸ್‌ಬರೊ ಊರಿನಲ್ಲಿ 1970ರಲ್ಲಿ ಡಾಯ್ಲ್ ಓವೆನ್ಸ್ ಎಂಬವರು ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳನ್ನು ಕೊಂಡು ಮಾರುವ ಅಂಗಡಿ ತೆರೆದರು. ವಿಮಾನ ಕಂಪನಿಗಳು ಸುಮಾರು ಮೂರು ತಿಂಗಳು ವಾರಸುದಾರರನ್ನು ಹುಡುಕಿ ಸೋತ ಬಳಿಕ ಸರಕು ಅಲ್ಲಿಗೆ ಬರುತ್ತದೆ. ಅದನ್ನು ನೋಡಲೆಂದೇ ಜನ ದೂರದಿಂದ ಬರುವಷ್ಟು ಆ ಅಂಗಡಿ ಹೆಸರಾಗಿದೆ.

ಬೆಸ್ತನ ಮೇಲಿನ ಅನುಮಾನ

ಕಳೆದುಕೊಂಡವರ ನಷ್ಟದ ಮಾತು ಎಲ್ಲರೂ ಆಡುತ್ತಾರೆ. ಇನ್ನೊಂದು ನಷ್ಟದ ಮಾತು ಬರುವುದು ಕಡಿಮೆ. ಶಾಕುಂತಲ ನಾಟಕದಲ್ಲಿ ಉಂಗುರ ಸಿಕ್ಕಿದ್ದು ಬಡ ಬೆಸ್ತನಿಗೆ, ಮೀನಿನ ಹೊಟ್ಟೆಯಲ್ಲಿ. ಮಾರಲು ಒಯ್ದವನನ್ನು ಕಾವಲಿನವರು ಹಿಡಿದು, ಕಳ್ಳನೆಂದು ಬೈದು ಹೊಡೆದು, ಕೊಲ್ಲುವ ಮಾತಾಡುತ್ತಾರೆ. ಉಂಗುರ ಜಾರಿದ್ದು ಒಬ್ಬರ ಬೆರಳಿನಿಂದ, ಪೆಟ್ಟು ಬಿದ್ದದ್ದು ಇನ್ನೊಬ್ಬರ ಬೆನ್ನಿಗೆ.

ವಿಮಾನದ ಸೀಟಿನ ಸಂದಿಯಲ್ಲಿ ಬಿಟ್ಟ ಚಿನ್ನದ ಓಲೆಯ ಕಥೆಯೂ ಹೀಗೆಯೇ. ಪ್ರಯಾಣಿಕರು ಇಳಿದ ಮೇಲೆ ಒಳಗೆ ಬರುವವರು ಶುಚಿ ಮಾಡುವ ಕೆಲಸದವರು. ಸಿಕ್ಕದ್ದನ್ನು ಮೇಲಿನವರಿಗೆ ಒಪ್ಪಿಸಿ ದಾಖಲು ಮಾಡಿಸುವುದು ಅವರ ಕರ್ತವ್ಯ. ದಾರಿಯಲ್ಲಿ ಸಿಕ್ಕ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವರು ಅದನ್ನು ಜೋಪಾನ ಮಾಡಬೇಕೆಂದು 1872ರ ಕರಾರು ಕಾಯಿದೆಯ 71ನೆಯ ಕಲಮೂ ಹೇಳುತ್ತದೆ. ಆದರೆ ಓಲೆ ಮೆತ್ತೆಯಡಿಗೆ ಜಾರಿ ಯಾರಿಗೂ ಕಾಣದೆ ಉಳಿದರೆ? ಕಳೆದುಕೊಂಡವರು ‘ಸೀಟಿನಲ್ಲೇ ಇಟ್ಟಿದ್ದೆ’ ಎಂದು ಆಣೆ ಮಾಡುತ್ತಾರೆ, ಅನುಮಾನ ಕಸ ಗುಡಿಸಿದವರ ಮೇಲೆ ಬೀಳುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತಿನ ಹಳ್ಳಿಗಳಿಂದಲೂ ನಿಲ್ದಾಣದ ಕೆಲಸಕ್ಕೆ ಹೋಗುವವರಿದ್ದಾರೆ. ತಿಂಗಳ ಸಂಬಳಕ್ಕೆ ದುಡಿಯುವವರಿಗೆ ಇಂಥ ಒಂದು ದೂರು ಕೆಲಸವನ್ನೇ ಕಳೆಯಬಹುದು. ಮೂರು ದಿನದ ಮೇಲೆ ಓಲೆ ಮನೆಯ ಪೆಟ್ಟಿಗೆಯ ಮೂಲೆಯಲ್ಲೇ ಸಿಕ್ಕಿತೆಂದು ಯಾರೂ ಮರಳಿ ಬಂದು ಹೇಳುವುದಿಲ್ಲ.

ಕಳೆದ ವಸ್ತು ಸಿಗಲೆಂದು ಸಾವಿರ ತೋಳಿನ ಕಾರ್ತವೀರ್ಯಾರ್ಜುನನನ್ನು ನೆನೆಯುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಎರಡೇ ಕೈಯುಳ್ಳವರು ತಮ್ಮ ವಸ್ತುವನ್ನು ತಾವೇ ಗಂಟು ಕಟ್ಟಿಕೊಂಡು ಕೂರುವುದು ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಅದರಿಂದ ಉಳಿಯುವುದು ಬರಿಯ ಫೋನು, ಪರ್ಸುಗಳಷ್ಟೇ ಅಲ್ಲ. ಮುಖವನ್ನೂ ನೋಡದ, ಹೆಸರನ್ನೂ ಕೇಳದ ಯಾರದೋ ಮರ್ಯಾದೆಯೂ ಉಳಿಯುತ್ತದೆ.